ಶನಿವಾರದ ಒರೆಗಲ್ಲು

ಹಣಮಾಪುರ ಅವರ ದನಿ ಮೊದಲ ಕೆಮ್ಮತಿತ್ತು,
ಆಮ್ಯಾಲ ಮಾತಾಡತಿತ್ತು.
ಶನಿವಾರ ರಾತ್ರಿ ಒಂಬತ್ತೂವರಿಗೆ ‘ಒರೆಗಲ್ಲು’.
ಗುಳೇದಗುಡ್ಡದಾಗ ನಮ್ಮ ಓಣ್ಯಾಗ
ಆ ಹೊತ್ತಿಗೆ ಮೂರು ಮಗ್ಗ ನಿಲ್ಲತಿದ್ದವು:
ನಮ್ಮದು, ಬಾಜೂಕ ರಾಚಪ್ಪಂದು,
ಮತ್ತ ಕಿವುಡ ಗೂಳಪ್ಪಂದು.
ಅಂವ ನಮ್ಮನ್ನ ನೋಡಿ ನಿಲ್ಲಸಾಂವ.

ಒಂದೇ ಚೀಜು, ಮೂರು ಮಂದಿ ಹಾಡಿದ್ದು.
ಒಂದಾದ ಮ್ಯಾಲ ಒಂದು, ಪೂರಾ,
ನಡುವ ಕತ್ತರಿ ಇಲ್ಲ.
ಕಡೀಕ ‘ನಿಮಗ ಯಾವುದು ಹಿಡಿಸ್ತು?’
ಅಂತ ಕೇಳಿ ಸುಮ್ಮಾಗವರು.
ಎಣಿಸೀನಿ ನಾನು, ನಾಲ್ಕು ಸೆಕೆಂಡು.
ರೇಡಿಯೋದಾಗ ಅಷ್ಟು ಹೊತ್ತು ಏನೂ ಇಲ್ಲಂದ್ರ
ಕೆಟ್ಟೈತೇನಂತ ಮಂದಿ ತಟ್ಟತಾರ.
ನಾವು ತಟ್ಟಲಿಲ್ಲ.
ಆ ನಾಲ್ಕು ಸೆಕೆಂಡು ನಮ್ಮವು ಅಂತ ಗೊತ್ತಿತ್ತು.
ಕುಣ್ಯಾಗ ಕಾಲು ಇಳೇಬಿಟ್ಟು ಕುಂತ ನನ್ನ ಗಂಡ
‘ಎರಡನೇದು’ ಅನ್ನಾಂವ.
ಕಂಡಿಕಿ ಸುತ್ತಕೋಂತ ನಾನು ‘ಮೊದಲನೇದು’.
‘ನನಗ ಮೂರನೇದು’ ಅನ್ನವರು ಅವರು,
ಯಾಕಂತ ಹೇಳವರು, ನಾವು ಬೈಯವರು.
ಇಪ್ಪತ್ತೊಂದು ವರ್ಷ
ಮುಖ ನೋಡಲಾರದ ಒಬ್ಬ ಮನಷ್ಯಾನ ಕೂಡ
ಜಗಳಾಡೀವಿ.

ಒಂದು ಶನಿವಾರ ಕೆಮ್ಮು ಬರಲಿಲ್ಲ.
ಯಾಕಂತ ಯಾರೂ ಹೇಳಲಿಲ್ಲ.

ಉಮಾಬಾಯಿ ಕಟಗೇರಿ ಅಂತ ಬಂದ್ರು.
ಹಾಳಿ ನೋಡಿ ಓದವರು:
ಯಾವ ಇಸ್ವಿ, ಯಾವ ಊರಾಗ ಮುದ್ರಣ,
ತಬಲಾ ಯಾರು, ತಂಬೂರಿ ಯಾರು.
ಹಾಡು ಬರೋದ್ರಾಗ ಹೊತ್ತು ಮುಗೀತಿತ್ತು.
‘ಸೀರಿ ತೋರಸಲಾರದ ಬರೇ ಬಿಲ್ಲು ತೋರಸ್ತಾಳ’
ಅಂದ ನನ್ನ ಗಂಡ.
ಆದ್ರ ತಂಬೂರಿ ಹಿಡದವರ ಹೆಸರು ಹೇಳಿದ್ದು
ಅಕಿ ಒಬ್ಬಾಕಿನ.
ಕಂಡಿಕಿ ಸುತ್ತಿದವರ ಹೆಸರು ಯಾರು ಕೇಳತಾರ?
ಅಕಿ ಹಿಡಿಸಾಕ ಸುರು ಆಗೋದ್ರಾಗ
ಅಕೀನೂ ಹೋದ್ಲು.

ಈಗ ಇಬ್ಬರು, ನಿಹಾಲ ಮತ್ತ ಶಾಲ್ಮಲಿ.
ಹೆಸರು ಅದೇ ‘ಒರೆಗಲ್ಲು’, ವಾರ ಮಾತ್ರ ರವಿವಾರ,
ಹದಿನೈದು ನಿಮಿಷ, ನಡುವ ಸಿಮೆಂಟಿನ ಜಾಹೀರಾತು.
ಆಲಾಪ ಇನ್ನೂ ಕಣ್ಣು ತೆರೆಯೋದ್ರಾಗ
ಅದರ ಮ್ಯಾಲೇ ಇವರ ನಗಿ:
‘ವಾವ್, ನಾಲ್ಕೂವರಿ ಸ್ಟಾರು!’
ಅರ್ಧ ಸ್ಟಾರು ಯಾಕ ಮುರುದ್ರಿ, ನಮ್ಮಪ್ಪಾ?
ಖಣ ಕೊಳ್ಳೋ ಸಾವಕಾರ ಸೈತ
ಅಂಚು ಹಿಡದು, ಬೆಳಕಿಗೆ ತಿರುವಿ,
ಒಂದೀಟು ಸುಮ್ಮ ನಿಂತು
ಆಮ್ಯಾಲ ರೇಟು ಮುರೀತಾನ.

ಒಂದು ವಾರ ಶಾಲ್ಮಲಿ
ಮಾರ್ವಾ ಹಾಕಿ ಪೂರಿಯಾ ಅಂದ್ಲು.
ನನ್ನ ಕೈಯಾನ ಕಂಡಿಕಿ ಬಿತ್ತು.
ವಾಟ್ಸಾಪ್ ನಂಬರು ಹೇಳಿದ್ರಲ್ಲ,
ರಾಚಪ್ಪನ ಮೊಮ್ಮಗಳು ಫೋನು ಹಿಡದ್ಲು,
ನಾನು ಮಾತಾಡಿದೆ:
‘ಅಲ್ಲವ್ವ ತಂಗಿ, ಅದು ಮಾರ್ವಾ!
ಸ್ವರ ಅವೇ, ಖರೇ.
ನೂಲು ಅವೇ ಇದ್ರೂ ಕೆಂಪು ಹಾಸಿಗೆ ಬಂದ್ರ ಒಂದು ಖಣ,
ಹೊಕ್ಕಿಗೆ ಬಂದ್ರ ಇನ್ನೊಂದು.
ಮಾರ್ವಾಕ್ಕ ಷಡ್ಜ ಅಂದ್ರ
ಸಿಟ್ಟಾಗಿ ಬಿಟ್ಟುಬಂದ ಮನಿ.
ಹೊತ್ತು ಮುಣುಗಿದ್ರೂ ಒಳಗ ಬರಾಂಗಿಲ್ಲ,
ರಿಷಭದ ಕಟ್ಟಿ ಮ್ಯಾಲ ಕುಂದರತೈತಿ,
ಕರದ್ರ ಧೈವತದ ಕಡೆ ಎದ್ದು ನಡೀತೈತಿ...’
ಎರಡು ನಿಮಿಷ ಮಾತಾಡಿದೆ.
ಹಿಂದ ಗಂಡನ ಮಗ್ಗ ನಡದಿತ್ತು.

ಮುಂದಿನ ರವಿವಾರ ಬಂತು:
‘ಅಲ್ಲವ್ವ ತಂಗಿ!’ ಖಟ್ ಪಟ್, ಖಟ್ ಪಟ್.
ಅಷ್ಟ.
ಮನಿ ಹೋತು, ಕಟ್ಟಿ ಹೋತು, ರಿಷಭ ಹೋತು.
ಅದರ ಮುಂದಿನ ವಾರನೂ ಬಂತು.
ಈಗ ಅದೇ ಸುರುವಾತು,
ವಾರಾ ವಾರಾ ನನ್ನ ದನೀಲೆ ‘ಒರೆಗಲ್ಲು’ ತೆರೀತೈತಿ.
ಪ್ಯಾಟ್ಯಾಗ ಹುಡುಗರು ನನ್ನ ಕಂಡ್ರ
‘ಅಲ್ಲವ್ವ ತಂಗಿ’ ಅಂತ ಕೂಗತಾವು.
ಹಣಮಾಪುರ ಅವರು ಎಲ್ಲೆರೆ ಕೇಳಾಕತ್ತಿದ್ರ
ಏನಂದಾರು?
ಮೊದಲ ಕೆಮ್ಮ್ಯಾರು.

ನಿನ್ನೆ ಅದು ಬಂದ ಕೂಡ್ಲೆ ರೇಡಿಯೋ ಆರಿಸಿ
ಗಂಡನ್ನ ಕೇಳಿದೆ:
‘ಯಾವುದು ಹಿಡಿಸ್ತು? ನನ್ನ ದನಿಯೋ, ಮಗ್ಗದ ಸಪ್ಪಳೋ?’
ಅಂವ ಕಾಲು ನಿಲ್ಲಿಸಿದ.
ನಾನು ಎಣಿಸಿದೆ. ಒಂದು. ಎರಡು.
ಓಣ್ಯಾಗ ಯಾರದೋ ಮೋಟರ್‌ಸೈಕಲ್ಲು ಹೋತು.

‘ಮಗ್ಗ’ ಅಂದ.